ಹೈದರಾಬಾದಿನಲ್ಲಿ ಗಾಡಿ ನಿಲ್ಲಿಸಿದ ಜಾಗ

ಗಾಡಿ ಓಡಿಸುವುದನ್ನು ನಾನು ಬೇಗ ಕಲಿತೆ. ಪರವೂರಿನಲ್ಲಿ ಗಾಡಿ ನಿಲ್ಲಿಸುವುದನ್ನು ಕಲಿಯಲು ಬಹಳ ವರ್ಷ ಹಿಡಿಯಿತು. ಕೊಪ್ಪಳದ ಸ್ಟ್ಯಾಂಡಿನಲ್ಲಿ ಈಗ ಟ್ಯಾಕ್ಸಿ ಹಚ್ಚಿ ನಿಲ್ಲಿಸುವ ಹುಡುಗರು ನನ್ನನ್ನು ಕಂಡರೆ ಚಹಾ ಕೊಡಿಸಿ, "ಕಾಕಾ, ಫೋನ್ ಇಲ್ದ ದೊಡ್ಡ ಊರಾಗ ರೂಮ್ ಹೆಂಗ ಹಿಡೀತಿದ್ರಿ? ಗಾಡಿ ಎಲ್ಲಿ ಹಚ್ಚತಿದ್ರಿ?" ಎಂದು ಕೇಳುತ್ತಾರೆ. ನಗುವಂಥ ಒಂದೆರಡು ಕಥೆ ಹೇಳಿ ಎದ್ದು ಬರುತ್ತೇನೆ. ಚಹಾದಂಗಡಿಯ ಮುಂದೆ ಹೇಳಲಾಗದ್ದು ಒಂದಿದೆ. ಈ ಕೆಲಸಕ್ಕೆ ಬರುವವರು ಅದನ್ನೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನೂರು ಹಿಟ್ನಾಳ. ಹೆದ್ದಾರಿಯ ಊರಾದ್ದರಿಂದ ಲಾರಿಗಳ ಮೇಲೆಯೇ ನನ್ನ ಕೈ ಪಳಗಿತು. ಎಪ್ಪತ್ತರ ದಶಕದಲ್ಲಿ ಕೊಪ್ಪಳದ ಖಾದರ್ ಸಾಹೇಬರ ಹತ್ತಿರ ಕೆಲಸಕ್ಕೆ ಸೇರಿದೆ. ಅವರು ಬಾಡಿಗೆಗೆ ಅಂಬಾಸಿಡರ್ ಕಾರುಗಳನ್ನು ಇಟ್ಟಿದ್ದರು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ರಾಯಚೂರು ಜಿಲ್ಲೆಯವೇ. ಬೆಂಗಳೂರು ನಮ್ಮ ರಾಜಧಾನಿ ಎಂದು ಗೊತ್ತಿತ್ತು. ಆದರೆ ಹಿರಿಯರ ಬಾಯಲ್ಲಿ ದೊಡ್ಡ ಊರು ಎಂದರೆ ಹೈದರಾಬಾದೇ. ನಮ್ಮ ಭಾಗ ನಿಜಾಮನ ಕೈಯಲ್ಲಿದ್ದಾಗ ಉರ್ದು ಸಾಲಿಯಲ್ಲಿ ಕಲಿತವರು ಅವರು. ದೊಡ್ಡ ಜಡ್ಡು ಬಂದರೆ, ಮದುವೆಗೆ ಮುತ್ತಿನ ಸರ ಬೇಕಾದರೆ ಸಿಂಧನೂರು, ರಾಯಚೂರು ದಾಟಿ ಅತ್ತಲೇ ಹೊರಡುತ್ತಿದ್ದರು.

ಖಾದರ್ ಸಾಹೇಬರು ನನಗೆ ಮೊದಲು ಕಲಿಸಿದ್ದು ಗೇಟು ನೋಡುವುದನ್ನು. "ಲೇ ಹನಮಂತ, ಪ್ಯಾಸೆಂಜರ್ ರೂಮ್ ನೋಡ್ತಾರ, ನೀ ಗೇಟ್ ನೋಡು. ಗೇಟಿನ್ಯಾಗ ಗಾಡಿ ಹೋಗಲಿಲ್ಲ ಅಂದ್ರ ಆ ಲಾಡ್ಜ್ ನಮ್ಮದಲ್ಲ" ಎನ್ನುತ್ತಿದ್ದರು. ಬಯ್ಯುವಾಗ ಉರ್ದು, ಬುದ್ಧಿ ಹೇಳುವಾಗ ಕನ್ನಡ. ಲಾಡ್ಜಿನವರಿಗೆ ಮೊದಲೇ ಕಾರ್ಡು ಬರೆದು ಹಾಕುತ್ತಿದ್ದರು. ಜವಾಬು ಬಂದರೆ ರೂಮು ಇದೆ ಎಂದರ್ಥ. ಬಾರದಿದ್ದರೆ ಹೋಗಿ ನೋಡಬೇಕು. ಬರಬರುತ್ತ ಟ್ರಂಕ್ ಕಾಲ್ ಬಂತು. ಪೋಸ್ಟ್ ಆಫೀಸಿನಲ್ಲಿ ಕಾಲ್ ಬುಕ್ ಮಾಡಿ, ಅದು ಸಿಗುವತನಕ ಕಟ್ಟೆಯ ಮೇಲೆ ಕೂತು, ಸಿಕ್ಕೊಡನೆ ಗಂಟಲು ಹರಿಯುವಂತೆ ಕೂಗಿ ಹೆಸರು ಹೇಳಬೇಕಿತ್ತು. ನಾವು ಕೂಗಿದ್ದು ಒಂದು, ಅವರು ಬರೆದುಕೊಂಡದ್ದು ಇನ್ನೊಂದು. ಡ್ರೈವರನಿಗಂತೂ ರೂಮಿನ ಮಾತೇ ಇರಲಿಲ್ಲ. ಗಾಡಿಯೇ ನಮ್ಮ ಮನೆ, ಲಾಡ್ಜಿನ ಹಿತ್ತಲ ನಳವೇ ಬಚ್ಚಲು.

ಒಮ್ಮೆ ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಮಗನಿಗೆ ಹೆಣ್ಣು ನೋಡಲು ಹೈದರಾಬಾದಿಗೆ ಹೊರಟರು. ಬೀಗರಾಗುವವರ ಮನೆ ಮುಂದೆ ಕಾರಿನಲ್ಲೇ ಇಳಿಯಬೇಕೆಂದು ಅವರ ಹಟ. ನಾನು ಗಾಡಿಯನ್ನು ಲಾಡ್ಜಿನ ಅಂಗಳದ ಒಳಮೂಲೆಗೆ ಹಚ್ಚಿ, ಒರೆಸಿ, ಹೂಮಾಲೆ ಹಾಕಿಟ್ಟಿದ್ದೆ. ಅವರು ಶಲ್ಯ ಹೊದ್ದು ಕೆಳಗಿಳಿಯುವಷ್ಟರಲ್ಲಿ ಮುಂದೆ ಒಂದು ಲಾರಿ ಬಂದು ನಿಂತು, ಅದರ ಡ್ರೈವರ್ ಕೀಲಿ ಹಾಕಿಕೊಂಡು ಎಲ್ಲಿಗೋ ಹೋಗಿದ್ದ. ಕಡೆಗೆ ಎಲ್ಲರೂ ಸೈಕಲ್ ರಿಕ್ಷಾ ಹತ್ತಿದರು. ಹಿಂದೆ ಕೂತ ಸಾಹುಕಾರರು ನನ್ನತ್ತ ನೋಡಿದ ನೋಟ ನೆನೆದರೆ ಈಗಲೂ ನಗು ಬರುತ್ತದೆ. ಹೆಣ್ಣು ಮಾತ್ರ ಅವರಿಗೆ ಒಪ್ಪಿಗೆಯಾಯಿತು.

ಎಲ್ಲ ಪ್ರಯಾಣವೂ ಹೀಗಿರಲಿಲ್ಲ. ಬಹಳ ಸಲ ನನ್ನ ಹಿಂದಿನ ಸೀಟಿನಲ್ಲಿ ರೋಗಿಗಳೇ ಇರುತ್ತಿದ್ದರು. ಲಾಡ್ಜಿನವರು ಮೊದಲು ನೋಡುವುದು ಕಾರಿನಿಂದ ಯಾರು ಇಳಿಯುತ್ತಾರೆ ಎಂಬುದನ್ನು. ಯಾರನ್ನಾದರೂ ಹಿಡಿದು ಇಳಿಸುವುದನ್ನು ಕಂಡರೆ ಸಾಕು, ಖಾಲಿ ಇದ್ದ ರೂಮೂ ತುಂಬಿಬಿಡುತ್ತಿತ್ತು. ಯಲಬುರ್ಗಾ ಕಡೆಯ ಒಬ್ಬ ಹೆಣ್ಣುಮಗಳು, ಬಹಳ ನಿತ್ರಾಣದಲ್ಲಿದ್ದವಳು, ಒಂದಾದ ಮೇಲೊಂದು ಲಾಡ್ಜಿನ ಬಾಗಿಲಿನಿಂದ ವಾಪಸಾಗುವಾಗ ಗಂಡನಿಗೆ, "ನಾ ನೆಟ್ಟಗ ನಿಂದರತೀನಿ, ಇನ್ನೊಂದು ಕಡಿ ಕೇಳ್ರಿ" ಎಂದಳು. ನೆಟ್ಟಗೆ ನಿಂತೂ ತೋರಿಸಿದಳು. ಅಂದು ರೂಮು ಸಿಕ್ಕಿತು. ಇಂಥವನ್ನೆಲ್ಲ ನೋಡಿದ ಮೇಲೂ, ಕುಷ್ಟಗಿಯ ದೊಡ್ಡಬಸಪ್ಪಜ್ಜನವರ ಸಂಗತಿಯೇ ನನ್ನಲ್ಲಿ ಉಳಿದುಬಿಟ್ಟಿದೆ.

ದೊಡ್ಡಬಸಪ್ಪಜ್ಜ ಕುಷ್ಟಗಿಯಲ್ಲಿ ಕಿರಾಣಿ ಅಂಗಡಿ ನಡೆಸಿದವರು. ವಯಸ್ಸಾದ ಮೇಲೆ ಅಂಗಡಿಯನ್ನು ಮಗ ಈರಣ್ಣ ನೋಡಿಕೊಳ್ಳುತ್ತಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳವು. ಅಜ್ಜನಿಗೆ ಮರೆವು ಹತ್ತಿತ್ತು. ಉಂಡದ್ದು ಮರೆತು ಮತ್ತೆ ಊಟ ಕೇಳುವುದು, ಮಗನನ್ನು ತೀರಿಹೋದ ತಮ್ಮನ ಹೆಸರಿನಿಂದ ಕರೆಯುವುದು, ಎದ್ದು ಎಲ್ಲಿಗೋ ಹೊರಡುವುದು. ಹೈದರಾಬಾದಿನಲ್ಲಿ ನರದ ಡಾಕ್ಟರರಿದ್ದಾರೆಂದು ಯಾರೋ ಹೇಳಿದರು. ಅಜ್ಜನ ಹೆಂಡತಿ ಗೌರಮ್ಮನವರಿಗೆ ಇದಕ್ಕೆ ಮನಸ್ಸಿರಲಿಲ್ಲ. ನಾನು ಗಾಡಿ ಹಚ್ಚಿಕೊಂಡು ನಿಂತಿದ್ದಾಗ ಅವರು ಮಗನಿಗೆ ಹೇಳಿದ್ದು ನನಗೂ ಕೇಳಿಸಿತು. "ಮರೆವಿಗೆ ಯಾವ ಔಷಧ ಐತೋ ತಮ್ಮಾ? ಇಲ್ಲೇ ಇರಲಿ. ನಾ ನೋಡ್ಕೋತೀನಿ."

"ಒಮ್ಮಿ ತೋರಿಸಿ ಬರ್ತೀನಿ ಯವ್ವಾ. ತೋರಿಸಲಿಲ್ಲ ಅಂತ ನಾಳೆ ನನ್ನ ಮನಸಿಗೆ ಹತ್ತಬಾರದು" ಎಂದ ಈರಣ್ಣ.

ದಾರಿಯುದ್ದಕ್ಕೂ ಅಜ್ಜ ಬಹಳ ಖುಷಿಯಾಗಿದ್ದರು. ಪ್ರಾಯದಲ್ಲಿ ಬೇಗಂ ಬಜಾರಿಗೆ ಮಾಲು ತರಲು ಹೋಗುತ್ತಿದ್ದರಂತೆ. ಮೆಹಬೂಬ್‌ನಗರ ದಾಟಿದ ಮೇಲೆ ಅವರ ನಾಲಿಗೆಗೆ ತಾನಾಗಿ ಉರ್ದು ಬಂತು. ಮಗನ ಹೆಸರು ನೆನಪಿಲ್ಲದವರಿಗೆ ಹಳೆಯ ಸೇಠಜಿಗಳ ಹೆಸರೆಲ್ಲ ನೆನಪಾದವು. "ನೋಡ್ರಿ, ಆರಾಮ ಆಗಾಕ್ಹತ್ಯಾರ" ಎಂದು ಈರಣ್ಣ ನನ್ನ ಕಡೆ ಬಗ್ಗಿ ಹೇಳಿದ. ಆಸೆ ಎಂಬುದು ಅಷ್ಟು ಬೇಗ ಹುಟ್ಟುತ್ತದೆ.

ನಾಂಪಲ್ಲಿ ಸ್ಟೇಶನ್ನಿನ ಹತ್ತಿರದ ಲಾಡ್ಜಿನಲ್ಲಿ ಟ್ರಂಕ್ ಕಾಲ್ ಮಾಡಿ ರೂಮು ಹಿಡಿದಾಗಿತ್ತು. ಅಂಗಳದಲ್ಲಿ ಜಾಗವಿಲ್ಲದ್ದರಿಂದ ಎದುರಿನ ರಸ್ತೆಯ ಬದಿಗೆ, ಒಂದು ಬೇವಿನ ಮರದ ಕೆಳಗೆ ಗಾಡಿ ಹಚ್ಚಿದೆ. ಅವರ ರೂಮು ಮೇಲಂತಸ್ತಿನಲ್ಲಿತ್ತು. ಅದರ ಕಿಟಕಿಯಿಂದ ಗಾಡಿ ಕಾಣುತ್ತಿತ್ತು. ಅಜ್ಜ ಮತ್ತೆ ಮತ್ತೆ ಕಿಟಕಿಗೆ ಬಂದು, "ಗಾಡಿ ಐತೇನಪಾ?" ಎಂದು ಕೂಗುವರು. "ಐತ್ರಿ ಅಜ್ಜಾರ" ಎಂದು ನಾನು ಕೈಯೆತ್ತುವೆ. ಆಮೇಲೆ ಒಳಗೆ ಹೋಗಿ ಕೂಡುವರು. ಆ ಊರಿನಲ್ಲಿ ಅವರಿಗೆ ಗುರುತು ಇದ್ದದ್ದು ಅದೊಂದೇ. ಡಾಕ್ಟರರು ನೋಡಿ, ಇದು ವಯಸ್ಸಿನದು, ಗುಣವಾಗುವುದು ಕಷ್ಟ, ಸಮಾಧಾನಕ್ಕೆ ಗುಳಿಗೆ ಕೊಡುತ್ತೇನೆ ಎಂದಿದ್ದರು. ಮರುದಿನ ಬೆಳಿಗ್ಗೆ ಹೊರಡುವುದಿತ್ತು.

ಅಂದು ಮಧ್ಯಾಹ್ನ ಊಟವಾದ ಮೇಲೆ ಅಜ್ಜ ಮಲಗಿದರು. ಅವರಿಗೆ ನಿದ್ದೆ ಹತ್ತಿದ್ದನ್ನು ನೋಡಿ ಈರಣ್ಣ ಗುಳಿಗೆ ತರಲು ಹೋದ. ಅಷ್ಟರಲ್ಲಿ ಆ ರಸ್ತೆಯಲ್ಲಿ ಯಾರೋ ಮಂತ್ರಿಗಳು ಬರುವವರಿದ್ದಾರೆಂದು ಪೊಲೀಸರು ಬಂದರು. "ಬಂಡಿ ತೀಯ್, ಬಂಡಿ ತೀಯ್" ಎಂದು ತೆಲುಗಿನಲ್ಲಿ ಗದರಿಸಿ, ಗಾಡಿ ತೆಗೆಯೆಂದು ಲಾಠಿಯಿಂದ ಬಾನೆಟ್ ಬಡಿದರು. ಬೇಡಿಕೊಂಡೆ, ಕೇಳಲಿಲ್ಲ. ಲಾಡ್ಜಿನ ಮ್ಯಾನೇಜರರಿಗೆ, "ಮ್ಯಾಲಿನ ಅಜ್ಜಾರಿಗೆ ಹೇಳ್ರಿ, ಗಾಡಿ ಹಿಂದಿನ ಮೈದಾನದಾಗ ಐತಿ ಅಂತ" ಎಂದು ಹೇಳಿಯೇ ಹೋದೆ. ಅವರೂ ಒಳ್ಳೆಯವರು, ಕೂಡಲೇ ಕೆಲಸದವನನ್ನು ಮೇಲೆ ಕಳಿಸಿದರು. ಅವನು ಹೋಗಿ ನೋಡಿದರೆ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ.

ಆಮೇಲೆ ಕೇಳಿ ಕೇಳಿ ಕೂಡಿಸಿಕೊಂಡದ್ದು ಇಷ್ಟು. ಎಚ್ಚರವಾಗಿ ಅಜ್ಜ ಕಿಟಕಿಗೆ ಬಂದಿದ್ದಾರೆ. ಮರದ ಕೆಳಗೆ ಗಾಡಿ ಇಲ್ಲ. ತಮ್ಮನ್ನು ಬಿಟ್ಟು ಹೋದರೆಂದುಕೊಂಡೋ ಏನೋ, ರುಮಾಲು ಸುತ್ತಿಕೊಂಡು ಹಿಂದಿನ ಮೆಟ್ಟಿಲಿನಿಂದ ಇಳಿದಿದ್ದಾರೆ. ಮೂಲೆಯ ಚಹಾದ ಹೋಟೆಲಿನವನನ್ನು ಉರ್ದುವಿನಲ್ಲಿ, "ಹಮಾರಿ ಗಾಡಿ ಕಿಧರ್ ಗಯೀ?" ಎಂದು, ನಮ್ಮ ಗಾಡಿ ಎಲ್ಲಿ ಹೋಯಿತೆಂದು, ಕೇಳಿದ್ದಾರೆ. ಗಾಡಿ ಎಂದರೆ ಅವನಿಗೆ ರೈಲು. ಪಾಪ, ಮುದುಕರಿಗೆ ರೈಲು ತಪ್ಪೀತೆಂದು ಅಂಗಡಿ ಬಿಟ್ಟು ಎದ್ದುಬಂದು, ಸ್ಟೇಶನ್ನಿನ ದಾರಿ ತೋರಿಸಿ, "ಜಲ್ದಿ ಜಾಯಿಯೇ ಬಡೇಮಿಯಾ" ಎಂದು ಅವಸರ ಮಾಡಿ ಕಳಿಸಿದ್ದಾನೆ. ನಮಗೆ ಇದನ್ನು ಹೇಳುವಾಗ ಅವನು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತಿದ್ದ.

ಸ್ಟೇಶನ್ನಿನಲ್ಲಿ ಅವರು ಸಿಗಲಿಲ್ಲ. ಅಷ್ಟರಲ್ಲಿ ಎಷ್ಟೋ ರೈಲು ಹೋಗಿದ್ದವು. ಪೊಲೀಸ್ ಠಾಣೆ, ದವಾಖಾನೆಗಳು, ದರ್ಗಾಗಳು, ಗುಡಿಗಳು, ಅಜ್ಜ ಹೇಳಿದ್ದ ಬೇಗಂ ಬಜಾರಿನ ಓಣಿ ಓಣಿ, ಎಲ್ಲ ಹುಡುಕಿದೆವು. ವಾರ ಕಳೆದ ಮೇಲೆ ಖಾದರ್ ಸಾಹೇಬರೇ ಬಸ್ಸು ಹತ್ತಿ ಬಂದರು. ಗಾಡಿ ಯಾವಾಗ ವಾಪಸು ತರುತ್ತೀ ಎಂದು ಒಂದು ಮಾತೂ ಕೇಳಲಿಲ್ಲ. ತಮಗೆ ಗುರುತಿನವರನ್ನೆಲ್ಲ ಭೇಟಿಯಾಗಿ, ಉರ್ದು ಪತ್ರಿಕೆಯಲ್ಲಿ ಅಜ್ಜನ ಫೋಟೋ ಹಾಕಿಸಿದರು. ಅದು ಈರಣ್ಣನ ಮದುವೆಯ ಫೋಟೋದಿಂದ ತೆಗೆಸಿದ್ದು. ಆದ್ದರಿಂದ ಕಳೆದುಹೋದವರ ಪ್ರಕಟಣೆಯಲ್ಲಿ ಅಜ್ಜ ನಗುತ್ತಿದ್ದರು.

ಅಜ್ಜನಿಲ್ಲದ ಗಾಡಿಯಲ್ಲಿ ಈರಣ್ಣನನ್ನು ಕರೆದುಕೊಂಡು ಕುಷ್ಟಗಿಗೆ ಬಂದು ಇಳಿದಾಗ ಗೌರಮ್ಮನವರು ಬಾಗಿಲಲ್ಲೇ ನಿಂತಿದ್ದರು. ಸುದ್ದಿ ಮೊದಲೇ ಬಂದಿತ್ತು. ಆದರೂ ಅವರು ಗಾಡಿಯ ಒಳಗೆ ಬಗ್ಗಿ ನೋಡಿದರು. ಆಮೇಲೆ ಮಗನಿಗೆ, "ಬ್ಯಾಡ ಅಂದಿದ್ದೆ. ಅವರನ್ನ ಕರ್ಕೊಂಡು ಬಾ, ಆಮ್ಯಾಲೆ ನನ್ನ ಮುಂದ ಮಾತಾಡು" ಎಂದು ಒಳಗೆ ಹೋದರು. ಆ ಮಾತನ್ನು ಅವರು ನಡೆಸಿದರು. ಮಗನಿಗೆ ಬುತ್ತಿ ಕಟ್ಟುವರು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುವರು, ಆದರೆ ಅವನೊಡನೆ ಮಾತಿಲ್ಲ. ಏನಾದರೂ ಹೇಳಬೇಕಾದರೆ ಸೊಸೆಗೆ ಹೇಳುವರು. ನನ್ನೊಡನೆ ಮಾತ್ರ ಎಂದಿನಂತೆ ಮಾತಾಡುತ್ತಿದ್ದರು. ಅದರಿಂದ ನನಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಈರಣ್ಣ ಒಮ್ಮೆ ದಾರಿಯಲ್ಲಿ ನನಗೆ ಹೇಳಿದ. "ಹೊರಗಿನ ಚಿಲಕ ಹಾಕಬೇಕು ಅಂತ ಕೈ ಹಚ್ಚಿದ್ದೆ ಹನಮಂತಪ್ಪಾ. ಮನಸಾಗಲಿಲ್ಲ. ಹೆತ್ತಪ್ಪನ್ನ ಹೆಂಗ ಕೂಡಿ ಹಾಕಲಿ?"

ಅಂದಿನಿಂದ ಈರಣ್ಣ ವರ್ಷಕ್ಕೆ ಹಲವು ಸಲ ಹೈದರಾಬಾದಿಗೆ ಹೊರಡತೊಡಗಿದ. ಟ್ರಂಕ್ ಕಾಲ್ ಮಾಡಿ ಅದೇ ಲಾಡ್ಜಿನ ಅದೇ ರೂಮು ಹಿಡಿಯುವನು. ಅದು ಖಾಲಿಯಿಲ್ಲದಿದ್ದರೆ ಪ್ರಯಾಣವನ್ನೇ ಮುಂದಕ್ಕೆ ಹಾಕುವನು. "ಗಾಡಿ ಅದ ಬೇವಿನ ಗಿಡದ ಕೆಳಗ ಇರಬೇಕು. ಯಪ್ಪ ಹುಡುಕ್ಕೊಂಡು ಬಂದ್ರ ಅಲ್ಲಿಗೇ ಬರ್ತಾನ" ಎನ್ನುವನು. ಖಾದರ್ ಸಾಹೇಬರು ಆ ಪ್ರಯಾಣಕ್ಕೆ ಬೇರೆ ಗಾಡಿ ಕೊಡುತ್ತಿರಲಿಲ್ಲ, ಬೇರೆ ಡ್ರೈವರನನ್ನೂ ಕಳಿಸುತ್ತಿರಲಿಲ್ಲ. ಈರಣ್ಣ ಹಗಲೆಲ್ಲ ಊರು ಸುತ್ತುವನು. ನಾನು ಗಿಡದ ಕೆಳಗೆ, ಹೊರಗೆ ಕಾಣುವಂತೆ ಕೂಡುವೆ. ಒಬ್ಬ ತೆಲುಗು ಪೊಲೀಸಿನವ ಮೊದಲ ಸಲ ಬಂದು ಗದರಿಸಿದ. ಸಂಗತಿ ತಿಳಿಸಿದೆ. ಅವನು ಲಾಠಿ ಕೆಳಗಿಳಿಸಿ, "ಉಂಡನೀ, ಉಂಡನೀ" ಎಂದ. ಇರಲಿ ಬಿಡು ಎಂದು. ಆಮೇಲೆ ಬೇರೆ ಗಾಡಿಗಳನ್ನು ಎಬ್ಬಿಸಿ ಕಳಿಸಿದರೂ ನಮ್ಮದನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ವರ್ಗವಾದ ಮೇಲೆ ಆ ದಯೆಯೂ ಹೋಯಿತು.

ಒಂದು ಸಲ, ಹೈದರಾಬಾದಿನ ರೈಲು ಬರುವ ವಾಡಿ ಸ್ಟೇಶನ್ನಿನಿಂದ ಸುದ್ದಿ ಬಂತು. ಕನ್ನಡ ಮಾತಾಡುವ, ರುಮಾಲಿನ ಮುದುಕರೊಬ್ಬರು ಅಲ್ಲಿದ್ದಾರೆ, ಊರು ಹೇಳುತ್ತಿಲ್ಲ ಎಂದು. ಕೂಡಲೇ ಹೊರಟೆವು. ಈರಣ್ಣ ದಾರಿಯುದ್ದಕ್ಕೂ ಅಪ್ಪನ ದೋತರ, ಅಂಗಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ಮುದುಕರು ನಮಗೆ ಬೆನ್ನು ಮಾಡಿ ಕೂತಿದ್ದರು. ಈರಣ್ಣ ಓಡಿದ. ಅವರು ತಿರುಗಿದರು. ದೊಡ್ಡಬಸಪ್ಪಜ್ಜ ಅಲ್ಲ. ಆದರೆ ಆ ಮುದುಕರು ಈರಣ್ಣನ ಕೈ ಗಟ್ಟಿಯಾಗಿ ಹಿಡಿದು, "ಬಂದ್ಯಾ ತಮ್ಮಾ? ಭಾಳ ತಡಾ ಮಾಡಿದಿ" ಎಂದರು.

ಈರಣ್ಣ ಕೈ ಬಿಡಿಸಿಕೊಳ್ಳಲಿಲ್ಲ. "ಹೌದ್ರಿ ಯಪ್ಪಾ, ತಡಾ ಆತು" ಎಂದು ಅವರ ಪಕ್ಕದಲ್ಲಿ ಕೂತ. ತಂದಿದ್ದ ಬುತ್ತಿ ಬಿಚ್ಚಿ ಉಣಿಸಿದ, ಅಪ್ಪನ ದೋತರವನ್ನೇ ಅವರಿಗೆ ಉಡಿಸಿದ. ಮೆಲ್ಲಗೆ ಮಾತಾಡಿಸಿದ ಮೇಲೆ ಸೇಡಂ ಕಡೆಯ ಒಂದು ಹಳ್ಳಿಯ ಹೆಸರು ಹೊರಬಂತು. ಗಾಡಿಯಲ್ಲಿ ಕರೆದುಕೊಂಡು ಹೋದೆವು. ಆ ಮನೆಯ ಮುಂದೆ ಇಳಿಸಿದಾಗ ಎದ್ದ ಅಳು, ನಗು, ಓಣಿಯ ಮಂದಿಯೆಲ್ಲ ಓಡಿಬಂದದ್ದು, ಅದನ್ನು ನಾನು ವರ್ಣಿಸಲಾರೆ. ಅವರ ಮಗ ಈರಣ್ಣನ ಕಾಲಿಗೆ ಬಿದ್ದ. ಉಂಡು ಹೋಗಿರೆಂದು ಎಲ್ಲರೂ ಒತ್ತಾಯ ಮಾಡಿದರು. ಈರಣ್ಣ ಗಾಡಿಯಲ್ಲಿ ಬಂದು ಕೂತು, "ನಡೀರಿ, ಇಲ್ಲಿ ನನಗ ಕೂಡಾಕ ಆಗವಲ್ದು" ಎಂದ. ಊರ ಹೊರಗೆ ಬರುವತನಕ ಮುಖಕ್ಕೆ ಟವೆಲು ಮುಚ್ಚಿಕೊಂಡಿದ್ದ.

ಕಾಲ ಹೋಯಿತು. ಬೇವಿನ ಮರ ಕಡಿದು ರಸ್ತೆ ಅಗಲ ಮಾಡಿದರು. ಒಂದೇ ಕಡೆಯಿಂದ ಹೋಗಬೇಕೆಂಬ ನಿಯಮ ಬಂತು. ಗಾಡಿ ನಿಲ್ಲಿಸಬಾರದೆಂದು ಬೋರ್ಡು ನಿಂತಿತು. ಲಾಡ್ಜಿನವರು ಮೊದಲಿನ ರೂಮುಗಳ ಗೋಡೆ ಒಡೆದು ಹೊಸದಾಗಿ ಕಟ್ಟಿಸಿದರು. ಆದರೂ ಈರಣ್ಣ ಹೊರಡುವುದನ್ನು ಬಿಡಲಿಲ್ಲ. ಅಂಗಡಿಯ ಕಡೆ ಲಕ್ಷ್ಯವಿಲ್ಲ, ಮೈಯಲ್ಲಿ ಮಾಂಸವಿಲ್ಲ. ಅವನ ಹೆಂಡತಿ ಒಂದು ದಿನ ನನ್ನ ಮುಂದೆ ಅತ್ತಳು. "ಮಾವನವರು ಹೋದ್ರು. ಇವರೂ ಹೊಂಟಾರ, ಅಣ್ಣಾರ. ನೀವರ ಹೇಳ್ರಿ." ನಾನು ಗೌರಮ್ಮನವರ ಹತ್ತಿರ ಹೋಗಿ, "ಯವ್ವಾರ, ಈರಣ್ಣಾರ ಕೂಡ ಒಂದು ಮಾತ ಆಡ್ರಿ" ಎಂದೆ.

ಅವರು, "ಈ ಸಲ ನಾ ಬರ್ತೀನಿ. ಹುಡುಕಬೇಕಾದಂಗ ಹುಡುಕಿರಾಕಿಲ್ಲ ಅವ" ಎಂದರು. ರಾಯಚೂರಿನಿಂದ ಆಚೆ ಅವರು ಹೋದವರೇ ಅಲ್ಲ. ಅವರ ಕಣ್ಣಿನಲ್ಲಿ ಹೈದರಾಬಾದೆಂದರೆ ಕುಷ್ಟಗಿಯ ಸಂತೆಗಿಂತ ಒಂದಿಷ್ಟು ದೊಡ್ಡದು, ಮನೆ ಮನೆ ಕೇಳಿದರೆ ಮನುಷ್ಯ ಸಿಕ್ಕೇ ಸಿಗುತ್ತಾನೆ.

ಊರೊಳಗೆ ಹೊಕ್ಕಾಗ ಗೌರಮ್ಮನವರು ಗಾಜು ಇಳಿಸಿ ಒಂದೊಂದು ಮುಖವನ್ನೂ ನೋಡತೊಡಗಿದರು. ಬಿಳಿ ರುಮಾಲು ಕಂಡರೆ, "ನಿಂದರಸು, ನಿಂದರಸು" ಎನ್ನುವರು. ನಿಲ್ಲಿಸುವುದೆಲ್ಲಿ? ಹಿಂದೆ ಬಸ್ಸು, ಲಾರಿ, ಸ್ಕೂಟರು ಒತ್ತಿಕೊಂಡು ಬರುತ್ತಿದ್ದವು. ಸಿನಿಮಾ ಬಿಟ್ಟ ಮಂದಿ, ಸ್ಟೇಶನ್ನಿನ ಮಂದಿ, ಬಜಾರಿನ ಮಂದಿ, ಎಲ್ಲ ಒಂದಕ್ಕೊಂದು ಕೂಡಿ ಹರಿಯುತ್ತಿತ್ತು. ಲಾಡ್ಜಿನ ಮುಂದೆ ಬಂದಾಗ ಈರಣ್ಣ ಬೆರಳು ಮಾಡಿ ತೋರಿಸಿದ. ಅವರು ನೋಡುವಷ್ಟರಲ್ಲಿ ಪೊಲೀಸಿನವ ಸೀಟಿ ಊದಿ ಮುಂದೆ ಕಳಿಸಿದ. ಸುತ್ತು ಹಾಕಿ ಮತ್ತೆ ಬಂದೆ. ಮತ್ತೆ ಸೀಟಿ. ಇನ್ನೊಂದು ಸುತ್ತು. "ಎಲ್ಲಿ ಕುಂತಿದ್ರು? ಯಾವ ಕಿಟಕಿ?" ಎಂದು ನನ್ನನ್ನು ಕೇಳುತ್ತ ಅವರು ಕುತ್ತಿಗೆ ಹೊರಳಿಸಿ ಹೊರಳಿಸಿ ನೋಡುತ್ತಿದ್ದರು. ಆ ಜಾಗದಲ್ಲಿ ಒಂದು ಗಳಿಗೆ ಗಾಡಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ನಾಲ್ಕಾರು ಸುತ್ತಾದ ಮೇಲೆ ಅವರು ಗಾಜು ಏರಿಸಿದರು. ಹೊರಗೆ ನೋಡುವುದನ್ನು ಬಿಟ್ಟರು.

ದೂರದ ಒಂದು ಮೈದಾನದಲ್ಲಿ ಕೊನೆಗೆ ಜಾಗ ಸಿಕ್ಕಿತು. ಬಿಸಿಲು ಸುಡುತ್ತಿತ್ತು. ಈರಣ್ಣ ಇಳಿಯಲು ಬಾಗಿಲಿಗೆ ಕೈ ಹಾಕಿದ. ಗೌರಮ್ಮನವರು ಅವನ ಅಂಗಿಯ ತೋಳು ಹಿಡಿದರು.

"ಎಷ್ಟು ಅಡ್ಡಾಡಿದ್ಯೋ ಈರಣ್ಣಾ ಈ ಬಿಸಿಲಾಗ" ಎಂದರು.

ಅಷ್ಟು ವರ್ಷಗಳಲ್ಲಿ ಮಗನಿಗೆ ಅವರು ಆಡಿದ ಮೊದಲ ಮಾತು ಅದು. ಈರಣ್ಣ ತಾಯಿಯ ಮಡಿಲಿಗೆ ತಲೆ ಹಚ್ಚಿ ಗಟ್ಟಿಯಾಗಿ ಅತ್ತುಬಿಟ್ಟ. "ನಾ ಹುಡುಕೀನಿ ಯವ್ವಾ, ಎಲ್ಲಾ ಕಡಿ ಹುಡುಕೀನಿ" ಎನ್ನುತ್ತಿದ್ದ.

"ಗೊತ್ತಾತು. ಈ ಮಂದ್ಯಾಗ ನೀ ಒಬ್ಬಾವ ಏನ್ ಮಾಡಾಕಾಗ್ತಿತ್ತು? ಬಾ, ಊರಿಗೆ ಹೋಗೂಣು."

"ರೂಮ್ ಹಿಡಿದೈತಿ ಯವ್ವಾ."

"ಬ್ಯಾಡ. ಇನ್ನ ಯಾವ ರೂಮೂ ಹಿಡಿಬ್ಯಾಡ" ಎಂದು ಅವನ ತಲೆ ಸವರಿದರು. ನಾನು ಇಳಿದು ಹೋಗಿ ದೂರ ನಿಂತೆ.

ವಾಪಸು ಬರುವಾಗ ತಾಯಿ ಮಗ ದಾರಿಯುದ್ದಕ್ಕೂ ಮಾತಾಡಿದರು. ಎಮ್ಮೆ ಈದದ್ದು, ಸೊಸೆಯ ತವರಿನ ಜಗಳ, ಅಂಗಡಿಯ ಮಾಳಿಗೆ ಸೋರುವುದು, ಮೊಮ್ಮಗಳು ಸಾಲಿಗೆ ಹೋಗಲು ಅಳುವುದು. ಒಂದೇ ಮನೆಯಲ್ಲಿದ್ದೂ ಆಡದೆ ಉಳಿದಿದ್ದ ಮಾತುಗಳು. ಅಜ್ಜನ ಹೆಸರನ್ನು ಇಬ್ಬರೂ ಎತ್ತಲಿಲ್ಲ.

ಕೆಲವು ದಿನಗಳ ಮೇಲೆ ಕುಷ್ಟಗಿಯಿಂದ ನನಗೆ ಕರೆ ಬಂತು. ಗೌರಮ್ಮನವರೇ ಹೇಳಿ, ಅಜ್ಜ ತೀರಿದರೆಂದು ಅವರ ಕಾರ್ಯ ಇಟ್ಟುಕೊಂಡಿದ್ದರು. ಖಾದರ್ ಸಾಹೇಬರೂ ನಾನೂ ಹೋದೆವು. ಪೂಜೆ ಮುಗಿದ ಮೇಲೆ ಮಠದ ಅಯ್ಯನವರು ಪಂಚಾಂಗ ತೆರೆದು, ಪ್ರತಿ ವರ್ಷದ ಸ್ಮರಣೆಗೆ ಒಂದು ದಿನ ಬೇಕಲ್ಲ, ಯಾವುದನ್ನು ಹಿಡಿಯೋಣ ಎಂದು ಕೇಳಿದರು. ಕಳೆದುಹೋದ ದಿನ ಗೊತ್ತು, ತೀರಿದ ದಿನ ಯಾರಿಗೂ ಗೊತ್ತಿಲ್ಲ. ಈರಣ್ಣ ತಲೆ ತಗ್ಗಿಸಿದ.

ಗೌರಮ್ಮನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಹೇಳಿದರು. "ನಾ ಹೈದರಾಬಾದ್ ನೋಡಿದ ದಿನ ಹಿಡೀರಿ ಅಯ್ಯನೋರ. ನನಗ ಅವರು ಹೋಗಿದ್ದು ಅವತ್ತ."